ಬೇಲಿಗೂ ಅಂಗಳಕ್ಕೂ ತಂಗಡಿ ಗಿಡ

ಶೀತದೇಶಗಳ ಉದ್ಯಾನಗಳಲ್ಲಿ ಸುಮಾಕ್ ಎಂಬ ಪೊದೆಗಿಡವನ್ನು ಅದರ ಎಲೆಗಳ ಬಣ್ಣಕ್ಕಾಗಿಯೇ ಬೆಳೆಸುವರು. ಶರದೃತುವಿನಲ್ಲಿ ಹಗಲು ಕಿರಿದಾಗಿ ಚಳಿ ಮೂಡಿದೊಡನೆ ಅದರ ಎಲೆಯ ಹಸುರು ಅಳಿದು ಕೆಂಪು ತಲೆದೋರುವುದು. ಅಂಥ ಚಳಿಯು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿಲ್ಲ. ಆದುದರಿಂದ ಆ ಗಿಡವನ್ನು ತರಿಸಿ ನೆಟ್ಟವರು ಹಣವನ್ನು ವ್ಯರ್ಥಮಾಡಿಕೊಳ್ಳುವ ಸಂಭವವೇ ಹೆಚ್ಚು. ಮೈಸೂರಿನ ಹೆಸರನ್ನು ಹೊತ್ತ ಒಂದು ಸುಮಾಕ್ ಜಾತಿಯು ದಖ್ಖಣದ ಒಣ ಗುಡ್ಡಗಳಲ್ಲಿ ಉಂಟು; ಆದರೆ ಅದು ಮುಳ್ಳುಪೊದೆ, ಅಂಗಳದ ಶೋಭೆಗೆ ಒದಗುವಂಥದಲ್ಲ.

ಈ ಸೀಮೆಯಲ್ಲಿ ಶರತ್ಕಾಲದ ಬಣ್ಣವನ್ನು ಕೊಡತಕ್ಕದ್ದು ತಂಗಡಿ. ಕೆಲವೆಡೆ ಇದನ್ನೇ ಆವರಿಕೆಯೆನ್ನುವರು. ಮಳೆಗಾಲದ ಕಡೆಯಲ್ಲಿ, ದಸರೆಯಿಂದ ದೀಪಾವಳಿಯವರೆಗೆ, ಇದರ ತುದಿಗಳೆಲ್ಲ ಹೊಂಬಣ್ಣದ ಹೂಗೊಂಚಲುಗಳಿಂದ ತುಂಬುವುವು. ನೆರೆಯ ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂವೇ ಮುಖ್ಯ. 2014ರಲ್ಲಿ ಆ ರಾಜ್ಯವು ಹುಟ್ಟಿದ ಮೇಲೆ ಇದು ಅದರ ರಾಜ್ಯಪುಷ್ಪವೂ ಆಯಿತು. ಇಲ್ಲಿಯಾದರೋ ದಾರಿಯ ಪಕ್ಕದ ಗಿಡವೆಂಬ ಕಾರಣದಿಂದಲೇ ಅದಕ್ಕೆ ಮರ್ಯಾದೆಯಿಲ್ಲ.

ಹಿಂದೆ ಹೀಗಿರಲಿಲ್ಲ. ಸುಮಾಕಿನ ಎಲೆಯಂತೆಯೇ ತಂಗಡಿಯ ತೊಗಟೆಯೂ ಚರ್ಮವನ್ನು ಹದಮಾಡಲು ಒದಗುವ ಒಗರನ್ನು ಹೇರಳವಾಗಿ ಹೊಂದಿರುವುದು. ಮದರಾಸು ಪ್ರಾಂತದ ಚರ್ಮೋದ್ಯಮವು ಬಹುಕಾಲ ಈ ತೊಗಟೆಯನ್ನೇ ನೆಚ್ಚಿತ್ತು. ದಕ್ಷಿಣ ಆಫ್ರಿಕದ ವಾಟಲ್ ತೊಗಟೆಯು ಪೇಟೆಗೆ ಬಂದ ತರುವಾಯ ಬೇಡಿಕೆ ಕುಗ್ಗಿತು. ಕಾಸು ಹುಟ್ಟದ ಗಿಡವನ್ನು ಬದುವಿನಿಂದ ಕಿತ್ತು ಸೌದೆಗೆ ಒಯ್ಯುವುದು ಸುಲಭ. ಆದರೆ ಬೇರಿನ ಹಿಡಿತ ತಪ್ಪಿದ ಬದುವು ಒಂದು ಬಿರುಮಳೆಗೆ ಹರಿದುಹೋಗುವುದೂ ಅಷ್ಟೇ ಸುಲಭ.

ಬೇಲಿಗೆಂದು ಬಳ್ಳಾರಿ ಜಾಲಿಯನ್ನು ಹಾಕಿದವರ ಪಾಡಂತೂ ಕಣ್ಣಮುಂದಿದೆ. ಅದರ ಕಾಯಿಯನ್ನು ಕುರಿ ದನಗಳು ತಿಂದು, ಬೀಜವು ಸಗಣಿಯೊಡನೆ ಹೊಲದೊಳಗೆ ಬಿದ್ದು ಮೊಳೆಯುವುದು. ಆ ಬಳಿಕ ಬೇಲಿಯಾವುದು ಹೊಲವಾವುದು ಎಂಬುದೇ ತಿಳಿಯದು. ತಂಗಡಿಗೆ ಈ ದುರ್ಗುಣವಿಲ್ಲ. ಮುಳ್ಳಿಲ್ಲದಿದ್ದರೂ ದನಕರುಗಳು ಸಾಮಾನ್ಯವಾಗಿ ಇದರ ಸೊಪ್ಪನ್ನು ಮುಟ್ಟವಾದ ಕಾರಣ, ಕಾವಲಿಲ್ಲದೆಯೂ ಗಿಡವು ಉಳಿಯುವುದು. ಕಿತ್ತ ಸೊಪ್ಪು ಗದ್ದೆಗೆ ಹಸುರುಗೊಬ್ಬರವಾಗುವುದು. ದ್ವಿದಳ ಜಾತಿಯದಾದರೂ ಬೇರಿನಲ್ಲಿ ಗಂಟುಗಳಿಲ್ಲ. ಹೆಸರು, ಅಲಸಂದೆಗಳಂತೆ ತಾನು ನಿಂತ ನೆಲಕ್ಕೆ ಸಾರಜನಕವನ್ನು ಕೂಡಿಸುವುದೆಂದು ಎಣಿಸಬಾರದು.

ಹಡಗಲಿಯ ಮಲ್ಲಿಗೆಗೆ ಬೇಕಾದ ನೀರು ಗೊಬ್ಬರಗಳ ಆರೈಕೆ ಇದಕ್ಕೆ ಬೇಡ. ಮಸಾರಿ ನೆಲದಲ್ಲಿಯೂ ಕಲ್ಲುಭೂಮಿಯಲ್ಲಿಯೂ ಚೆನ್ನಾಗಿ ಬರುವುದು. ಎರೆಭೂಮಿಯಲ್ಲಿ ಮಾತ್ರ ನೀರು ನಿಲ್ಲುವ ತಗ್ಗನ್ನು ಬಿಟ್ಟು ಬದುವಿನ ಮೇಲೆಯೇ ಹಾಕತಕ್ಕದ್ದು. ಒಣಗಿ ಕಂದಾದ ಚಪ್ಪಟೆ ಕಾಯಿಗಳಿಂದ ಬೀಜವನ್ನು ತೆಗೆದಿಡಬೇಕು. ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಬಿತ್ತಿದರೆ ಮೊಳಕೆ ವಿರಳವಾಗುವುದು. ಕುದಿಸಿ ಒಲೆಯಿಂದಿಳಿಸಿದ ನೀರಿನಲ್ಲಿ ಹಾಕಿ, ಇರುಳೆಲ್ಲ ಅದರಲ್ಲಿಯೇ ನೆನೆಯಬಿಟ್ಟು, ಬೆಳಗ್ಗೆ ಬಿತ್ತುವುದು ಉತ್ತಮ. ತಾಯಿಬೇರು ಆಳಕ್ಕಿಳಿಯುವುದರಿಂದ ಸಸಿಯನ್ನು ಕಿತ್ತು ನೆಡುವ ಗೋಜಿಗೆ ಹೋಗದೆ, ಮುಂಗಾರು ಹದವಾದೊಡನೆ ನಿಂತ ಸ್ಥಳದಲ್ಲಿಯೇ ಊರಬೇಕು. ಬೇಲಿಗಾದರೆ ಒಂದೊಂದು ಅಡಿಗೆ, ಅಂಗಳದ ಶೋಭೆಗಾದರೆ ನಾಲ್ಕೈದು ಅಡಿಗೆ ಒಂದು ಗಿಡ ಸಾಕು. ಮೊದಲ ವರ್ಷ ಕಳೆ ತೆಗೆಯುವುದನ್ನು ಮರೆಯಬಾರದು. ಹೂವು ಮುಗಿದು ಕಾಯಿ ಬಲಿತ ಮೇಲೆ ಮೊಳಕಾಲೆತ್ತರಕ್ಕೆ ಸವರಿದರೆ, ಬುಡದಿಂದ ಹೊಸ ಚಿಗುರು ದಟ್ಟವಾಗಿ ಒಡೆದು, ಮುಂದಿನ ದಸರೆಗೆ ಇನ್ನೂ ಹೆಚ್ಚಾಗಿ ಹೂ ಬಿಡುವುದು.