ಬಿರಿದ ಕಮಾನು

ಹಿಂದೊಮ್ಮೆ ಜಯನಗರದಿಂದ ವಿದ್ಯಾರ್ಥಿಗಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ದಿದ್ದೆ. ಚೆನ್ನಕೇಶವ ದೇವಾಲಯದ ಶಿಲ್ಪಗಳನ್ನು ಕಣ್ತುಂಬ ನೋಡಿದ ಬಾಲಕಿಯೊಬ್ಬಳು, “ಮೇಷ್ಟ್ರೇ, ಗರ್ಭಗುಡಿಯ ಮೇಲೆ ಶಿಖರವೇ ಇಲ್ಲವಲ್ಲ?” ಎಂದು ಕೇಳಿದಳು.

“ಇತ್ತು, ಮಗು. ಒಳಗಿನ ಗರ್ಭಗುಡಿ ಉಳಿಯಲೆಂದು ಅದನ್ನು 1879ರಲ್ಲಿ ಇಳಿಸಿದರು” ಎಂದೆ.

“ಉಳಿಸುವುದಕ್ಕಾಗಿ ಕೆಡವಿದರೇ?” ಎಂದು ಅವಳು ಅಚ್ಚರಿಪಟ್ಟಳು.

ಆ ಪ್ರಶ್ನೆಗೆ ತಕ್ಕ ಉತ್ತರ ನನಗೆ ದೊರೆತದ್ದು ಇಟಲಿಯ ಒಂದು ಚರ್ಚಿನ ಕಥೆಯಲ್ಲಿ.

ಅಸಿಸಿ ನಗರದ ಸಂತ ಫ್ರಾನ್ಸಿಸ್ಸನ ಚರ್ಚು 13ನೆಯ ಶತಮಾನದ್ದು. ಅದರ ಗೋಡೆಗಳ ಮೇಲೂ ಕಮಾನುಚಾವಣಿಯ ಮೇಲೂ ಚಿಮಾಬ್ಯೂ ಮೊದಲಾದ ಮಹಾಕಲಾವಿದರ ಭಿತ್ತಿಚಿತ್ರಗಳಿವೆ. 1997ರ ಸೆಪ್ಟೆಂಬರ್ 26ರಂದು, ಬೆಳಗಾಗುವ ಮುನ್ನವೇ, ಅಲ್ಲಿ ಭೂಮಿ ನಡುಗಿತು. ಹಾನಿಯನ್ನು ಪರೀಕ್ಷಿಸಲು ತಜ್ಞರೂ ಸಂನ್ಯಾಸಿಗಳೂ ಒಳಹೊಕ್ಕರು. ಅವರು ಒಳಗಿದ್ದಾಗಲೇ ಎರಡನೆಯ ಕಂಪನ ಬಂದೆರಗಿತು. ಚಾವಣಿ ಕುಸಿದು ನಾಲ್ವರು ಮಡಿದರು. ಶತಮಾನಗಳು ಕಾಪಾಡಿಕೊಂಡು ಬಂದಿದ್ದ ಚಿತ್ರಗಳು ಕ್ಷಣಮಾತ್ರದಲ್ಲಿ ಚೂರಾದವು.

ಕಾರಣವೇನು? ಮಾಡನ್ನು ದುರಸ್ತಿಮಾಡಿದಾಗಲೆಲ್ಲ ಉಳಿದ ಒಡಕು ಹೆಂಚು, ಕಲ್ಲುಪುಡಿಗಳು ಕಮಾನುಗಳ ಮೇಲ್ಬದಿಯ ಸಂದುಗಳಲ್ಲಿ ರಾಶಿಬಿದ್ದಿದ್ದವು. ಕೆಳಗೆ ನಿಂತು ಚಿತ್ರಗಳನ್ನು ನೋಡುವವರಿಗೆ ಆ ಭಾರ ಕಾಣುತ್ತಿರಲಿಲ್ಲ. ನೆಲ ಅಲುಗಿದೊಡನೆ ಸಡಿಲವಾದ ರಾಶಿ ಜರುಗಿ ಕಮಾನನ್ನು ಒತ್ತಿತು, ಕಮಾನು ಬಿರಿಯಿತು.

ಆದುದರಿಂದ ಜೀರ್ಣೋದ್ಧಾರವು ಹೊಸದನ್ನು ಸೇರಿಸುವುದರಿಂದಲ್ಲ, ಹಳೆಯ ಭಾರವನ್ನು ಇಳಿಸುವುದರಿಂದ ಮೊದಲಾಯಿತು. ರಾಶಿಯನ್ನು ಹೊರತೆಗೆದರು, ಬಿರುಕುಗಳಿಗೆ ಗಾರೆ ತುಂಬಿದರು, ಕಮಾನುಗಳ ಬೆನ್ನಿಗೆ ಮರ ಮತ್ತು ಗಟ್ಟಿನಾರುಗಳಿಂದ ಮಾಡಿದ ಹಗುರವಾದ ಪಕ್ಕೆಲುಬುಗಳನ್ನು ಬೆಸೆದರು.

ಚಿತ್ರಗಳ ಕೆಲಸ ಇನ್ನೂ ಕಠಿನವಾಗಿತ್ತು. ಅವಶೇಷಗಳ ನಡುವೆ ಆಯ್ದ ಚೂರುಗಳು ಸುಮಾರು 3 ಲಕ್ಷ! ಬಣ್ಣ, ಗೆರೆಗಳನ್ನು ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ ಅವುಗಳನ್ನು ಜೋಡಿಸಬೇಕಾಯಿತು. 1999ರ ನವೆಂಬರ್ 28ರಂದು ಚರ್ಚಿನ ಬಾಗಿಲು ಮತ್ತೆ ತೆರೆಯಿತು. ಜೋಡಣೆ ಮಾತ್ರ ಮುಂದೆಯೂ ನಡೆಯಿತು. ಚಿಮಾಬ್ಯೂ ಬರೆದ ಸಂತ ಮತ್ತಾಯನ ಚಿತ್ರ ಚಾವಣಿಗೆ ಮರಳಿದ್ದು 2006ರಲ್ಲಿ. ಚೂರುಗಳು ದೊರೆಯದ ಕಡೆ ತಜ್ಞರು ಹೊಸ ಮುಖಗಳನ್ನು ಕಲ್ಪಿಸಿ ಬರೆಯಲಿಲ್ಲ. ಕಳೆದುದು ಕಳೆದುದಾಗಿಯೇ ಕಾಣಲೆಂದು ಬಿಟ್ಟರು. ಹಳೆಯ ಕಲಾವಿದನ ಹೆಸರಿನಲ್ಲಿ ತಮ್ಮ ಕುಂಚವನ್ನು ಆಡಿಸುವುದು ಸಲ್ಲದೆಂಬುದು ಅವರ ವಿವೇಕ.

ಆ ಬಾಲಕಿ ಇಂದು ಎದುರಾದರೆ ಹೀಗೆ ಹೇಳುವೆನು: “ಕೆಡವುವುದೆಲ್ಲ ನಾಶವಲ್ಲ, ಕಟ್ಟುವುದೆಲ್ಲ ರಕ್ಷಣೆಯೂ ಅಲ್ಲ, ಮಗು. ಯಾವುದು ಭಾರ, ಯಾವುದು ಜೀವ ಎಂದು ಬೇರ್ಪಡಿಸಿ ಅರಿಯುವುದೇ ಜೀರ್ಣೋದ್ಧಾರ.”

ಅಭ್ಯಾಸ

ಪದಗಳ ಅರ್ಥ: ಭಿತ್ತಿ – ಗೋಡೆ, ಮಾಡು – ಮೇಲ್ಛಾವಣಿ, ಜೀರ್ಣೋದ್ಧಾರ – ಶಿಥಿಲವಾದುದನ್ನು ಸರಿಪಡಿಸುವುದು.

1. ಅಸಿಸಿಯ ಚರ್ಚಿನ ಕಮಾನು ಕುಸಿಯಲು ಕಾರಣವೇನು?
2. ಕಳೆದುಹೋದ ಚಿತ್ರಭಾಗಗಳನ್ನು ತಜ್ಞರು ಹೊಸದಾಗಿ ಬರೆಯಲಿಲ್ಲವೇಕೆ?
3. ನಿಮ್ಮ ಊರಿನ ಹಳೆಯ ಕಟ್ಟಡವೊಂದನ್ನು ನೋಡಿ, ಅದರಲ್ಲಿ ಮೂಲವಾದುದು ಯಾವುದು, ಅನಂತರ ಸೇರಿದುದು ಯಾವುದು ಎಂಬುದನ್ನು ಬರೆಯಿರಿ.