ಎಂಜೈಮ್ ಬಾಟಲಿ ಕೊಳ್ಳುವ ಮುನ್ನ

ಮಗುವಿಗೆ ಆಟಿಸಂ ಇದೆ ಎಂದು ಗೊತ್ತಾದ ಮನೆಗೆ ಸಲಹೆಗಳು ಕರೆಯದೆಯೇ ಬರುತ್ತವೆ. ಗೋಧಿ ಬಿಡಿಸಿ, ಹಾಲು ನಿಲ್ಲಿಸಿ, ಈ ಎಂಜೈಮ್ ಕೊಡಿ, ಮಾತು ಬರುತ್ತದೆ. ಕಳಸದ ತೋಟದ ಮನೆಗೂ ಮೂಡಿಗೆರೆಯ ಲೈನ್ ಮನೆಗೂ ವಾಟ್ಸಾಪ್ ಒಂದೇ. ಈ ದಾರಿಗೆ ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ, ಅಜ್ಜಿಯರಿಗೆ, ಅಂಗನವಾಡಿ ಟೀಚರುಗಳಿಗೆ ಎಂಜೈಮಿನ ವಿಷಯವನ್ನು ಬುಡದಿಂದ ಹೇಳುತ್ತೇನೆ.

ಒಂದು ತುತ್ತು ಅನ್ನವನ್ನು ನುಂಗದೆ ಅಗಿಯುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ನಾಲಿಗೆಗೆ ಸಿಹಿ ತಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಎಂಜೈಮ್ ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗಿದೆ ಎಂದು ಅರ್ಥ. ಗಟ್ಟಿ ಮಾಂಸಕ್ಕೆ ಪಪ್ಪಾಯಿಕಾಯಿ ಅರೆದು ಹಚ್ಚಿದರೆ ಮೆತ್ತಗಾಗುತ್ತದಲ್ಲ, ಅದು ಪಪೈನ್ ಎಂಬ ಎಂಜೈಮಿನ ಕೆಲಸ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ನಮ್ಮ ಜಠರದಲ್ಲಿ ಪ್ರೋಟೀನಿಗೆ ಪೆಪ್ಸಿನ್ ಇದೆ. ಮೇದೋಜೀರಕ ಗ್ರಂಥಿ ಪಿಷ್ಟ, ಕೊಬ್ಬು, ಪ್ರೋಟೀನ್ ಮೂರಕ್ಕೂ ಬೇಕಾದ ಎಂಜೈಮುಗಳನ್ನು ಸಣ್ಣ ಕರುಳಿಗೆ ಸುರಿಯುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಸಣ್ಣ ಕರುಳಿನ ಒಳಪದರದಲ್ಲೇ ಇರುತ್ತದೆ. ಇವುಗಳಲ್ಲಿ ಯಾವುದಾದರೂ ಕಡಿಮೆಯಿದ್ದರೆ ಅದನ್ನು ಹೊರಗಿನಿಂದ ಕೊಡಬಹುದು. ಎಂಜೈಮ್ ಔಷಧದ ಮೂಲ ತರ್ಕ ಇಷ್ಟೇ.

ಇದಕ್ಕೆ ಆಟಿಸಂ ಅಂಟಿಕೊಂಡದ್ದು ಹೇಗೆ? 1979ರಲ್ಲಿ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ, ಮಿದುಳಿನಲ್ಲಿ ಅಫೀಮಿನಂತೆ ವರ್ತಿಸುವ ರಾಸಾಯನಿಕಗಳು ಹೆಚ್ಚಾಗಿರುವುದು ಆಟಿಸಂಗೆ ಕಾರಣವಿರಬಹುದು ಎಂಬ ಊಹೆ ಮುಂದಿಟ್ಟರು. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಪೂರ್ತಿ ಜೀರ್ಣವಾಗದೆ ಉಳಿದ ತುಣುಕುಗಳು ಕರುಳು ದಾಟಿ ಮಿದುಳಿಗೆ ಹೋಗುತ್ತವೆ ಎಂದು ಬೇರೆಯವರು ಅದನ್ನು ಬೆಳೆಸಿದರು. ಆ ತುಣುಕುಗಳನ್ನು ಒಡೆಯುತ್ತೇವೆ ಎಂದು ಹೇಳಿಕೊಂಡು ಎಂಜೈಮ್ ಕ್ಯಾಪ್ಸೂಲುಗಳು ಮಾರುಕಟ್ಟೆಗೆ ಬಂದವು. ಊಹೆ ಇಂದಿಗೂ ಸಾಬೀತಾಗಿಲ್ಲ. ಅಂದಹಾಗೆ, ಕಡುಬು, ಅಕ್ಕಿರೊಟ್ಟಿ, ಗಂಜಿ ತಿಂದು ಬೆಳೆಯುವ ಮಲೆನಾಡಿನ ಮಗುವಿನ ಹೊಟ್ಟೆಗೆ ಗೋಧಿ ಹೋಗುವುದು ಹೆಚ್ಚಾಗಿ ಬಿಸ್ಕತ್ತು, ರಸ್ಕಿನ ರೂಪದಲ್ಲಿ. ಅವನ್ನು ಕಡಿಮೆ ಮಾಡಲು ಆಟಿಸಂ ಕಾರಣವೇ ಬೇಕಿಲ್ಲ.

ಪರೀಕ್ಷೆಗಳು ಏನು ಹೇಳಿವೆ? 2010ರಲ್ಲಿ ಆಸ್ಟ್ರೇಲಿಯಾದಲ್ಲಿ 3ರಿಂದ 8 ವರ್ಷದ 43 ಮಕ್ಕಳಿಗೆ ಸ್ವಲ್ಪ ಕಾಲ ನಿಜವಾದ ಎಂಜೈಮ್, ಸ್ವಲ್ಪ ಕಾಲ ಹುಸಿಮಾತ್ರೆ ಕೊಟ್ಟು ನೋಡಿದರು. ಯಾವಾಗ ಯಾವುದು ಎಂದು ಮನೆಯವರಿಗೆ ಗೊತ್ತಿರಲಿಲ್ಲ. ವರ್ತನೆ, ನಿದ್ದೆ, ಮಾತು, ಹೊಟ್ಟೆಯ ತೊಂದರೆ ಯಾವುದರಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2015ರಲ್ಲಿ ಈಜಿಪ್ಟಿನಲ್ಲಿ ಪಪೈನ್ ಮತ್ತು ಪೆಪ್ಸಿನ್ ಇದ್ದ ಔಷಧವನ್ನು 101 ಮಕ್ಕಳ ತಂಡದಲ್ಲಿ ಮೂರು ತಿಂಗಳು ಪರೀಕ್ಷಿಸಿದಾಗ ಸುಧಾರಣೆ ಕಂಡಿತು. 2023ರಲ್ಲಿ ಅಮೆರಿಕದಲ್ಲಿ 3ರಿಂದ 6 ವರ್ಷದ 190 ಮಕ್ಕಳ ಪರೀಕ್ಷೆಯಲ್ಲಿ ಪ್ಯಾಂಕ್ರಿಯಾಟಿನ್ ಎಂಬ ಮೇದೋಜೀರಕ ಎಂಜೈಮುಗಳ ಮಿಶ್ರಣವನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರ ಸಿಡಿಮಿಡಿ ಕಡಿಮೆಯಾಯಿತು. ಆ ಪರೀಕ್ಷೆಯ ಹಿಂದೆ ಔಷಧ ತಯಾರಿಸುವ ಕಂಪನಿಯೇ ಇತ್ತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಇದನ್ನು ಆಟಿಸಂನ ಚಿಕಿತ್ಸೆ ಎಂದು ಕರೆಯುವಷ್ಟು ಆಧಾರ ಇನ್ನೂ ಇಲ್ಲ.

ಹಳೆಯ ಪ್ರಸಂಗವೊಂದನ್ನು ತಿಳಿದಿರುವುದು ಒಳ್ಳೆಯದು. ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸುವ ಸೆಕ್ರೆಟಿನ್ ಎಂಬ ಹಾರ್ಮೋನಿನಿಂದ ಮೂವರು ಮಕ್ಕಳು ಸುಧಾರಿಸಿದರು ಎಂಬ ವರದಿ 1998ರಲ್ಲಿ ಬಂದು ಅಮೆರಿಕದಲ್ಲಿ ಅದಕ್ಕೆ ನೂಕುನುಗ್ಗಲಾಯಿತು. 1999ರಲ್ಲಿ ಸರಿಯಾಗಿ ಪರೀಕ್ಷಿಸಿದಾಗ ಅದು ಹುಸಿ ಇಂಜೆಕ್ಷನ್ನಿಗಿಂತ ಮೇಲೇನೂ ಅಲ್ಲ ಎಂದು ತಿಳಿಯಿತು. ಫಲಿತಾಂಶ ಹೇಳಿದ ಮೇಲೂ ಆ ಪರೀಕ್ಷೆಯ ಹೆಚ್ಚಿನ ಹೆತ್ತವರು ತಮ್ಮ ಮಗುವಿಗೆ ಸೆಕ್ರೆಟಿನ್ ಬೇಕೆಂದೇ ಹೇಳಿದರು. ಅವರನ್ನು ದೂರಲಾರೆ. ಆಸೆ ಇರುವ ಕಣ್ಣಿಗೆ ಬದಲಾವಣೆ ಬೇಗ ಕಾಣುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹೊಟ್ಟೆಯ ತೊಂದರೆಯೇ ಸುಳ್ಳು ಎಂದಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಭೇದಿ, ಹೊಟ್ಟೆನೋವು ಬೇರೆ ಮಕ್ಕಳಿಗಿಂತ ಹೆಚ್ಚು. ಮಾತು ಬಾರದ ಮಗು ನೋವನ್ನು ಹೇಗೆ ಹೇಳೀತು? ಜಗುಲಿ ಕಟ್ಟೆಯ ಅಂಚಿಗೆ ಹೊಟ್ಟೆಯೊತ್ತಿ ಮಲಗುತ್ತದೆ, ಊಟವಾದ ಮೇಲೆ ಕಿರುಚುತ್ತದೆ, ನಡುರಾತ್ರಿ ಎದ್ದು ತಲೆ ಚಚ್ಚಿಕೊಳ್ಳುತ್ತದೆ. ನಾವು ಹಟ ಎನ್ನುತ್ತೇವೆ. ಬಿಳಿ ಅನ್ನ, ಮೊಸರು, ಒಂದೇ ಬಗೆಯ ಬಿಸ್ಕತ್ತು, ಇಷ್ಟನ್ನೇ ತಿನ್ನುವ ಮಗುವಿಗೆ ನಾರಿನಂಶ ಎಲ್ಲಿಂದ ಬರಬೇಕು? ಮಲ ಕಲ್ಲಿನಂತಾಗುತ್ತದೆ. ಕೆಲವೊಮ್ಮೆ ಆ ಗಟ್ಟಿ ಮಲದ ಸುತ್ತಿನಿಂದ ನೀರಾದ ಮಲ ಸೋರಿ ಚಡ್ಡಿ ಒದ್ದೆಯಾಗುತ್ತದೆ. ಮನೆಯವರು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಔಷಧ ಕೊಡುತ್ತಾರೆ, ಕಟ್ಟಿದ್ದು ಇನ್ನಷ್ಟು ಕಟ್ಟುತ್ತದೆ. ಮಲಬದ್ಧತೆಗೆ ಬೇರೆಯೇ ಔಷಧವಿದೆ, ಎಂಜೈಮ್ ಅಲ್ಲ. ತೋಟದ ಹಸಿ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಾದರೆ ಜಂತುಹುಳುವನ್ನೂ ಮರೆಯಬೇಡಿ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ. ಹಾಲು ಕುಡಿದಾಗೆಲ್ಲ ಹೊಟ್ಟೆ ಗುಡುಗುಟ್ಟಿ ನೀರಾಗಿ ಹೋಗುತ್ತಿದ್ದರೆ ಲ್ಯಾಕ್ಟೇಸ್ ಕಡಿಮೆಯಿರಬಹುದು. ಹಾಲು ಕಡಿಮೆ ಮಾಡಿದರೂ ಮಜ್ಜಿಗೆ ಒಗ್ಗೀತು. ಲ್ಯಾಕ್ಟೇಸ್ ಹನಿಗಳು ಕೆಲಸ ಮಾಡುವುದು ಇಂಥಲ್ಲೇ.

ಆದ್ದರಿಂದ ಮೊದಲು ಮಕ್ಕಳ ಡಾಕ್ಟರು, ಆಮೇಲೆ ಔಷಧದಂಗಡಿ. ಗೋಧಿ ಬಿಡಿಸುವ ಯೋಚನೆಯಿದ್ದರೆ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಅದಕ್ಕಿಂತ ಮುಂಚೆಯೇ ಮಾಡಿಸಿ. ಬಿಟ್ಟಮೇಲೆ ಮಾಡಿಸಿದರೆ ಇದ್ದ ಕಾಯಿಲೆಯೂ ಕಾಣದೆ ಹೋಗಬಹುದು. ಮಲ ಜಿಡ್ಡುಜಿಡ್ಡಾಗಿ, ವಿಪರೀತ ವಾಸನೆಯಿದ್ದು, ಮಗುವಿನ ತೂಕ ಏರದಿದ್ದರೆ ಮಲದ ಎಲಾಸ್ಟೇಸ್ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಮೇದೋಜೀರಕ ಗ್ರಂಥಿಗೆ ಕೊರತೆ ಇದೆಯೇ ಎಂದು ಅದು ತೋರಿಸುತ್ತದೆ. ಕೊರತೆ ಇದ್ದರೆ ಎಂಜೈಮ್ ಬೇಕೇ ಬೇಕು, ಆಟಿಸಂ ಇರಲಿ ಬಿಡಲಿ.

ಡಾಕ್ಟರು ಬರೆದುಕೊಟ್ಟರೆ ಚೀಟಿ ಓದಿ. ಪ್ಯಾಂಕ್ರಿಯಾಟಿನ್ ಹಂದಿಯ ಗ್ರಂಥಿಯಿಂದ ತೆಗೆದದ್ದು, ಪೆಪ್ಸಿನ್ ಕೂಡ ಸಾಮಾನ್ಯವಾಗಿ ಹಂದಿಯ ಜಠರದ್ದು. ಸಸ್ಯಾಹಾರಿ ಮನೆಗಳಿಗೂ ಮುಸ್ಲಿಂ ಮನೆಗಳಿಗೂ ಇದು ಮೊದಲೇ ತಿಳಿಯಬೇಕು. ಊಟದ ಜೊತೆಗೇ ಕೊಡಬೇಕು. ಕ್ಯಾಪ್ಸೂಲಿನ ಕಾಳುಗಳನ್ನು ಪುಡಿಮಾಡಬಾರದು, ಬಿಸಿ ಗಂಜಿಗಾಗಲಿ ಹಾಲಿಗಾಗಲಿ ಬೆರೆಸಬಾರದು. ತಣ್ಣಗಿನ, ತುಸು ಹುಳಿಯಾದ ಹಣ್ಣಿನ ತಿರುಳಿನಲ್ಲಿ ನುಂಗಿಸಿ. ಬಾಯಲ್ಲೇ ಉಳಿದರೆ ಹುಣ್ಣಾಗುತ್ತದೆ. ಪ್ರಮಾಣವನ್ನು ನೀವಾಗಿ ಏರಿಸಬೇಡಿ: 1990ರ ದಶಕದಲ್ಲಿ, ಬೇರೊಂದು ಕಾಯಿಲೆಗೆ ವಿಪರೀತ ಪ್ರಮಾಣದಲ್ಲಿ ಪ್ಯಾಂಕ್ರಿಯಾಟಿನ್ ತೆಗೆದುಕೊಂಡ ಮಕ್ಕಳಲ್ಲಿ ದೊಡ್ಡ ಕರುಳು ಕಿರಿದಾದದ್ದು ಕಂಡುಬಂತು.

ಕೊಡಲು ಶುರುಮಾಡಿದ ಮೇಲೆ ಒಂದು ನೋಟ್‌ಬುಕ್ ಇಡಿ: ನಿದ್ದೆ ಎಷ್ಟು, ಮಲ ಹೇಗೆ, ಸಿಟ್ಟು ಎಷ್ಟು ಸಲ. ಆ ದಿನಗಳಲ್ಲಿ ಬೇರೆ ಯಾವ ಬದಲಾವಣೆಯೂ ಬೇಡ. ಜೂನ್ ತಿಂಗಳಲ್ಲಂತೂ ಶುರುಮಾಡಬೇಡಿ. ಶಾಲೆ ತೆರೆದು, ಮಳೆ ಹಿಡಿದು, ಮಗು ಮನೆಯೊಳಗೇ ಉಳಿಯುವ ಆ ದಿನಗಳಲ್ಲಿ ಯಾವುದು ಯಾವುದರಿಂದ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ. ಟೀಚರಿಗೆ ಔಷಧದ ವಿಷಯ ಹೇಳದೆ, ಮಗು ಹೇಗಿದೆ ಎಂದಷ್ಟೇ ಬರೆದಿಡಲು ಕೇಳಿಕೊಳ್ಳಿ. ನಿಮ್ಮ ಬರಹಕ್ಕಿಂತ ಅವರದನ್ನೇ ಹೆಚ್ಚು ನಂಬಿ.

ದುಡ್ಡು ಎಲ್ಲ ಮನೆಯಲ್ಲೂ ಅಷ್ಟಕ್ಕಷ್ಟೆ. ಬಾಟಲಿಗಾಗಿ ಮಾತಿನ ತರಬೇತಿಯನ್ನು ನಿಲ್ಲಿಸಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅದರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ, ಇಲ್ಲವೇ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಸರ್ಕಾರದವೇ. ಹೋಗುವಾಗ ಆ ನೋಟ್‌ಬುಕ್ಕನ್ನೂ, ಮಗುವಿಗೆ ಈಗ ಕೊಡುತ್ತಿರುವ ಎಲ್ಲ ಬಾಟಲಿಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೋಗಿ.