ಮೆಚ್ಚಿದ ಹಾಡನ್ನು ಮಾತಲ್ಲಿ ಹಿಡಿಯುವುದು: ಹೊಸಬರಿಗೆ ಹಂತ ಹಂತವಾಗಿ

ಹಾಡು ಹಿಡಿಸಿದರೆ ‘ಸೂಪರ್’ ಅಂದು ಸುಮ್ಮನಾಗುತ್ತೇವೆ. ಅದನ್ನು ಕೇಳದವರಿಗೆ ಅಷ್ಟರಿಂದ ಏನೂ ತಿಳಿಯದು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಉರುಮೆ, ಸೋಬಾನೆ, ತತ್ವಪದ, ಭಜನೆ, ಆಂಧ್ರದ ಕಡೆಯ ತೆಲುಗು ಸಿನಿಮಾ ಹಾಡು ಎಲ್ಲವೂ ಒಂದೇ ಕಿವಿಗೆ ಬೀಳುತ್ತವೆ. ಒಂದನ್ನು ಹೊಗಳುವ ಮಾತು ಇನ್ನೊಂದಕ್ಕೆ ಒಪ್ಪುವುದಿಲ್ಲ.

ಹಂತ 1: ಒಂದೇ ಹಾಡು ಆರಿಸಿಕೊಳ್ಳಿ. ನೆಚ್ಚಿನ ಹತ್ತು ಹಾಡುಗಳ ಪಟ್ಟಿ ಬೇಡ.

ಹಂತ 2: ಮೊದಲು ಬಾರಿಸುವವರ ಕೈ ನೋಡಿ. ಉದಾಹರಣೆಗೆ, ಈ ಸೀಮೆಯ ಮ್ಯಾಸಬೇಡ ಸಮುದಾಯದವರ ದೇವರ ಮೆರವಣಿಗೆಯಲ್ಲಿ ಉರುಮೆಯವರ ಪಕ್ಕ ಜಾಗ ಮಾಡಿಕೊಂಡು ನಿಲ್ಲಿ. ನಡು ಸಣ್ಣಗಿರುವ ವಾದ್ಯ, ಎರಡು ಮುಖ. ಒಂದು ಮುಖಕ್ಕೆ ಕೋಲಿನ ಪೆಟ್ಟು. ಇನ್ನೊಂದರ ಮೇಲೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಗುಂಯ್ ಎಂಬ ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ‘ಅಬ್ಬರದ ವಾದ್ಯ’ ಅಂತ ಬರೆದರೆ ತಮಟೆಗೂ ಅದೇ ಮಾತು ಸಲ್ಲುತ್ತದೆ. ಉಜ್ಜುವ ಸದ್ದು ಎಷ್ಟು ಹೊತ್ತು ಎಳೆಯಿತು, ಪೆಟ್ಟು ಯಾವಾಗ ಬಿಗಿಯಾಯಿತು, ಆಗ ಕುಣಿಯುವವರ ಹೆಜ್ಜೆ ಏನಾಯಿತು ಎಂದು ಬರೆಯಿರಿ. ಉರುಮೆಯ ಸೊಗಸೆಲ್ಲ ಆ ಹೆಜ್ಜೆಯಲ್ಲೇ ಗೊತ್ತಾಗುವುದು.

ಹಂತ 3: ಯಾರು ಹೇಳುತ್ತಾರೆ, ಯಾರು ಎತ್ತಿಕೊಳ್ಳುತ್ತಾರೆ ಎಂದು ಗಮನಿಸಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳು ಅವರ ಬಾಯಲ್ಲೇ ಇದ್ದವು. ಕೃಷ್ಣಮೂರ್ತಿ ಹನೂರು ಅವರು ಅವನ್ನು ಬರೆದುಕೊಂಡು ಪುಸ್ತಕಕ್ಕೆ ತಂದರು. ಇಂಥ ಪದಗಳಲ್ಲಿ ಇಂಪಾದ ಕಂಠವನ್ನೇ ಹುಡುಕುತ್ತ ಕೂತರೆ ಅರ್ಧ ತಪ್ಪಿಹೋಗುತ್ತದೆ. ಒಬ್ಬರು ಸೊಲ್ಲೆತ್ತಿದಾಗ ಉಳಿದವರು ಸಂದು ಬಿಡದೆ ಹಿಡಿದರೇ? ಕತೆ ಮುಂದಕ್ಕೆ ಹೋದಾಗ ಧಾಟಿ ಅದೇ ಇತ್ತೇ, ಬದಲಾಯಿತೇ? ನೆನಪು ಎಲ್ಲೂ ಎಡವಲಿಲ್ಲವೇ? ಇವು ಉತ್ತರ ಸಿಗುವ ಪ್ರಶ್ನೆಗಳು.

ಹಂತ 4: ಶೈಲಿ ಬದಲಾದರೆ ಮಾತನ್ನೂ ಬದಲಿಸಿ. ಇದಕ್ಕೆ ಒಳ್ಳೆಯ ಅಭ್ಯಾಸ ಈ ನೆಲದ್ದೇ ಒಂದು ಕತೆಯಲ್ಲಿದೆ. ತಳುಕಿನ ಮನೆತನದ ತ.ರಾ.ಸು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತು ‘ಹಂಸಗೀತೆ’ ಕಾದಂಬರಿ ಬರೆದರು. ಅದನ್ನು ಆಧರಿಸಿ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಚಿತ್ರ ಬಂತು. ಅದರಲ್ಲಿ ನಮ್ಮ ಭೀಮಸೇನ ಜೋಶಿಯವರು ಮನ್ನಾ ಡೇ ಜೊತೆ ಹಾಡಿದ್ದಾರೆ. ಅದೇ ಕಾದಂಬರಿಯಿಂದ 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ಮಾಡಿದ ಚಿತ್ರಕ್ಕೆ ಬಾಲಮುರಳಿಕೃಷ್ಣ ಹಾಡಿದರು. ಎರಡು ಚಿತ್ರಗಳ ಹಾಡುಗಳನ್ನೂ ಒಂದರ ಹಿಂದೆ ಒಂದು ಕೇಳಿ. ಹಿಂದಿಯದರಲ್ಲಿ ಸ್ವರಗಳು ಸರಸರನೆ ಓಡುವ ತಾನ್ ಗುರುತಿಸಿ, ಕನ್ನಡದ್ದರಲ್ಲಿ ಸ್ವರವನ್ನು ತೂಗುವ ಗಮಕ ಗುರುತಿಸಿ. ರಾಗದ ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ; ದನಿ ಎಲ್ಲಿ ಏರಿತು, ಎಲ್ಲಿ ನಿಂತಿತು ಎಂದರೆ ಸಾಕು. ಆದರೆ ಇದೇ ಅಳತೆಗೋಲು ಹಿಡಿದು ಉರುಮೆಯ ಹತ್ತಿರ ಹೋಗಬೇಡಿ. ‘ಶಾಸ್ತ್ರೀಯವಲ್ಲದಿದ್ದರೂ ಚೆನ್ನಾಗಿದೆ’ ಎಂಬ ಹೊಗಳಿಕೆಯಷ್ಟು ಬೇಸರ ತರಿಸುವ ಮಾತು ನನಗಂತೂ ಬೇರೆ ಇಲ್ಲ.

ಹಂತ 5: ಐದಾರು ಸಾಲು ಬರೆದು, ಅದರಲ್ಲಿರುವ ‘ಮಧುರ’, ‘ಅದ್ಭುತ’, ‘ರೋಮಾಂಚನ’ಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದೇನಾದರೂ ಇದ್ದರೆ ಅದೇ ನಿಮ್ಮ ವರ್ಣನೆ.

ಹಂತ 6: ಆಗುವುದಾದರೆ ಹಾಡಿದವರಿಗೇ ಓದಿ ಹೇಳಿ. ‘ಅಲ್ಲಿ ದಾಟಿ ಬದಲಾಗಲಿಲ್ಲ ಕಣಪ್ಪ, ಉಸಿರು ತಗಂಡೆ ಅಷ್ಟೇ’ ಅಂದರೆ ತಿದ್ದಿಕೊಳ್ಳಿ. ಮೊಬೈಲಲ್ಲಿ ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಕೇಳಿ. ದೇವರ ಪದವಾಗಿದ್ದರೆ ಕೇಳದೆ ಫೋನನ್ನು ಜೇಬಿನಿಂದ ತೆಗೆಯಲೇಬೇಡಿ.